ಬಲಗುಂಡಿಯ ಯಜಮಾನ ಯಾರು?

ಮೌಸಿಗೆ ಎಷ್ಟು ಗುಂಡಿ ಇರಬೇಕು ಅನ್ನೋ ವಿಷಯಕ್ಕೆ ಗಣಕಲೋಕದ ಘಟಾನುಘಟಿಗಳು ವರ್ಷಗಟ್ಟಲೆ ವಾದ ಮಾಡಿದ್ದಾರೆ ಅಂದರೆ ನಂಬ್ತೀರಾ? ಒಂದೇ ಸಾಕು ಅಂದವರಿದ್ದಾರೆ, ಎರಡು ಬೇಕು ಅಂದವರಿದ್ದಾರೆ, ಮೂರಿಲ್ಲದೆ ಆಗೋದೇ ಇಲ್ಲ ಅಂದವರೂ ಇದ್ದಾರೆ. ಇವತ್ತು ನಾವು ಇದ್ಯಾವುದನ್ನೂ ಯೋಚಿಸದೆ ಬಲಗಡೆಯ ಗುಂಡಿ ಒತ್ತುತ್ತೇವೆ. ಬಾಣದ ಗುರುತು ಎಲ್ಲಿದೆಯೋ ಅಲ್ಲೇ ಒಂದು ಪುಟ್ಟ ಪಟ್ಟಿ ತೆರೆದುಕೊಳ್ಳುತ್ತದೆ. ಚಿತ್ರದ ಮೇಲೆ ಒತ್ತಿದರೆ ಚಿತ್ರಕ್ಕೆ ಸಂಬಂಧಪಟ್ಟ ಕೆಲಸಗಳು, ಕೊಂಡಿಯ ಮೇಲೆ ಒತ್ತಿದರೆ ಕೊಂಡಿಗೆ ಸಂಬಂಧಪಟ್ಟವು, ತಪ್ಪು ಕಾಗುಣಿತದ ಕೆಳಗಿನ ಕೆಂಪು ಗೆರೆಯ ಮೇಲೆ ಒತ್ತಿದರೆ ಸರಿಯಾದ ಪದಗಳು. ಸಂದರ್ಭ ನೋಡಿಕೊಂಡು ಬದಲಾಗುತ್ತದೆ ಅಂತ ಅದಕ್ಕೆ ಕಾಂಟೆಕ್ಸ್ಟ್ ಮೆನು ಎಂದು ಹೆಸರು. ನಮ್ಮ ಬಾಯಲ್ಲಿ ಮಾತ್ರ ಅದು ರೈಟ್ ಕ್ಲಿಕ್ ಅಷ್ಟೇ.

ಗಣಕದ ಒಳಗೆ ಈ ಪಟ್ಟಿಯ ಕಥೆ 1990ರ ದಶಕದಲ್ಲೇ ಒಂದು ಹಂತಕ್ಕೆ ಬಂದು ನಿಂತಿತು. ಜಾಲತಾಣಗಳ ಮಟ್ಟಿಗೆ ಮಾತ್ರ ಇವತ್ತಿಗೂ ಮುಗಿದಿಲ್ಲ. ಅಂಚೆ, ಲೆಕ್ಕದ ಪುಸ್ತಕ, ನಕ್ಷೆ, ಬ್ಯಾಂಕು ಎಲ್ಲವೂ ಬ್ರೌಸರಿನ ಒಳಗೇ ಬಂದು ಕೂತ ಮೇಲೆ ಒಂದು ಪ್ರಶ್ನೆ ಎದ್ದಿತು. ಬಲಗುಂಡಿ ಒತ್ತಿದಾಗ ಬರುವ ಪಟ್ಟಿ ಬ್ರೌಸರಿನದ್ದೋ, ಜಾಲತಾಣದವರದ್ದೋ, ಅಥವಾ ಗುಂಡಿ ಒತ್ತಿದವರದ್ದೋ?

ಮೊದಲಿಂದಲೇ ಶುರುಮಾಡೋಣ. ಅಮೆರಿಕದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಮೌಸಿನ ಕಲ್ಪನೆ ಮಾಡಿದರು, ಅವರ ಸಹೋದ್ಯೋಗಿ ಬಿಲ್ ಇಂಗ್ಲಿಷ್ 1964ರ ಹೊತ್ತಿಗೆ ಮೊದಲ ಮಾದರಿ ಕಟ್ಟಿಕೊಟ್ಟರು. ಒಂದು ಮರದ ತುಂಡು, ಅದರ ಅಡಿಯಲ್ಲಿ ಎರಡು ಚಕ್ರ, ನೆತ್ತಿಯ ಮೇಲೆ ಒಂದೇ ಒಂದು ಗುಂಡಿ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದ ಸಮ್ಮೇಳನವೊಂದರಲ್ಲಿ ಎಂಗೆಲ್‌ಬಾರ್ಟ್ ಅದನ್ನು ಲೋಕಕ್ಕೆ ತೋರಿಸುವಾಗ ಗುಂಡಿಗಳು ಮೂರಾಗಿದ್ದವು. ಅವರ ಎಡಗೈಯಡಿ ಐದು ಕೀಲಿಗಳ ಇನ್ನೊಂದು ಪುಟ್ಟ ಮಣೆಯೂ ಇತ್ತು. ಬಳಸುವವರು ಕಷ್ಟಪಟ್ಟು ಕಲಿಯಲಿ, ಕಲಿತ ಮೇಲೆ ಮಿಂಚಿನಂತೆ ಕೆಲಸ ಮಾಡಲಿ ಅನ್ನೋದು ಅವರ ನಿಲುವು. ವೀಣೆ ಕಲಿಯೋರಿಗೆ ತಂತಿ ಕಡಿಮೆ ಮಾಡಿ ಕೊಡ್ತೀವಾ ಅಂತ ಕೇಳಿದ ಹಾಗೆ.

ಆಮೇಲಿನ ಕಥೆ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿದ್ದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದ್ದು. 1973ರಲ್ಲಿ ಅಲ್ಲಿ ತಯಾರಾದ ಆಲ್ಟೋ ಗಣಕಕ್ಕೂ ಮೂರು ಗುಂಡಿಯ ಮೌಸಿತ್ತು. ಆಲನ್ ಕೇ ಅವರ ತಂಡ ಆ ಗಣಕದ ಮೇಲೆ ಸ್ಮಾಲ್‌ಟಾಕ್ ಅನ್ನುವ ಭಾಷೆಯನ್ನೂ ಅದರ ಪರಿಸರವನ್ನೂ ಕಟ್ಟುತ್ತಿತ್ತು. ಆ ತಂಡದ ಡ್ಯಾನ್ ಇಂಗಾಲ್ಸ್ ಬಾಣದ ಗುರುತು ಇದ್ದಲ್ಲೇ ಪಟಕ್ಕನೆ ತೆರೆದುಕೊಳ್ಳುವ ಪಟ್ಟಿಯನ್ನು, ಅಂದರೆ ಪಾಪ್-ಅಪ್ ಮೆನುವನ್ನು ಮಾಡಿದರು. ನಮ್ಮ ಬಲಗುಂಡಿ ಪಟ್ಟಿಯ ಮೂಲಪುರುಷ ಇದೇ. ಸ್ಮಾಲ್‌ಟಾಕ್‌ನವರು ಗುಂಡಿಗಳಿಗೆ ಕೆಂಪು, ಹಳದಿ, ನೀಲಿ ಎಂದು ಹೆಸರಿಟ್ಟುಕೊಂಡಿದ್ದರು. ಕೆಂಪು ಗುಂಡಿ ಆಯ್ಕೆಗೆ. ಹಳದಿ ಒತ್ತಿದರೆ ಕಿಟಕಿಯ ಒಳಗಿನ ಪಠ್ಯಕ್ಕೆ ಸಂಬಂಧಪಟ್ಟ ಪಟ್ಟಿ: ಕತ್ತರಿಸು, ನಕಲು ಮಾಡು, ಅಂಟಿಸು ಇತ್ಯಾದಿ. ನೀಲಿ ಒತ್ತಿದರೆ ಕಿಟಕಿಗೇ ಸಂಬಂಧಪಟ್ಟ ಪಟ್ಟಿ: ಸರಿಸು, ಮುಚ್ಚು ಇತ್ಯಾದಿ.

ಇದರಲ್ಲಿ ಏನು ಲಾಭ ಅಂತೀರಾ? 1954ರಲ್ಲಿ ಪಾಲ್ ಫಿಟ್ಸ್ ಅನ್ನುವ ಮನಶ್ಶಾಸ್ತ್ರಜ್ಞ ಒಂದು ಸೂತ್ರ ಕೊಟ್ಟಿದ್ದರು. ಕೈ ಒಂದು ಗುರಿಯನ್ನು ಮುಟ್ಟಲು ಬೇಕಾಗುವ ಸಮಯ ಆ ಗುರಿ ಎಷ್ಟು ದೂರದಲ್ಲಿದೆ, ಎಷ್ಟು ದೊಡ್ಡದಾಗಿದೆ ಅನ್ನೋದನ್ನು ಅವಲಂಬಿಸುತ್ತದೆ ಅಂತ. ದೂರವಿದ್ದು ಚಿಕ್ಕದಾಗಿದ್ದರೆ ತಡ, ಹತ್ತಿರವಿದ್ದು ದೊಡ್ಡದಾಗಿದ್ದರೆ ಬೇಗ. ಕೈ ಇದ್ದಲ್ಲಿಗೇ ಪಟ್ಟಿ ಬಂದುಬಿಟ್ಟರೆ ದೂರದ ಲೆಕ್ಕ ಹೆಚ್ಚುಕಡಿಮೆ ಸೊನ್ನೆ. ಅಡುಗೆ ಮಾಡುವಾಗ ಸಾಸಿವೆ ಡಬ್ಬಿ ಅಟ್ಟದ ಮೇಲಿರೋದಕ್ಕೂ ಒಲೆ ಪಕ್ಕದಲ್ಲೇ ಇರೋದಕ್ಕೂ ಇರುವಷ್ಟು ವ್ಯತ್ಯಾಸ.

ಹಾಗಾದರೆ ಎಲ್ಲರೂ ಇದನ್ನೇ ಒಪ್ಪಿಕೊಳ್ಳಬೇಕಿತ್ತಲ್ಲ? ಒಪ್ಪಲಿಲ್ಲ. ಈ ಪಟ್ಟಿಗೆ ಹುಟ್ಟಿನಿಂದಲೇ ಒಂದು ಊನವಿದೆ, ಅದು ಕಣ್ಣಿಗೆ ಕಾಣೋದಿಲ್ಲ. ಇಲ್ಲೊಂದು ಪಟ್ಟಿ ಇದೆ ಅಂತ ಪರದೆಯ ಮೇಲೆ ಯಾವ ಗುರುತೂ ಇರೋದಿಲ್ಲ. ಗೊತ್ತಿದ್ದವರಿಗೆ ಗೊತ್ತು, ಗೊತ್ತಿಲ್ಲದವರು ವರ್ಷಾನುಗಟ್ಟಲೆ ಬಳಸಿದರೂ ಗೊತ್ತಾಗೋದಿಲ್ಲ. ಜೆರಾಕ್ಸಿನವರೇ 1981ರಲ್ಲಿ ಮಾರುಕಟ್ಟೆಗೆ ತಂದ ಸ್ಟಾರ್ ಗಣಕದ ವಿನ್ಯಾಸಕರು ಹೊಸಬರನ್ನು ಕೂರಿಸಿ, ಬೇರೆ ಬೇರೆ ಸಂಖ್ಯೆಯ ಗುಂಡಿಗಳನ್ನು ಕೊಟ್ಟು ಪರೀಕ್ಷೆ ಮಾಡಿದರು, ಕೊನೆಗೆ ಎರಡು ಗುಂಡಿ ಇಟ್ಟರು. ಜೆರಾಕ್ಸಿನಿಂದ 1980ರಲ್ಲಿ ಆಪಲ್ಲಿಗೆ ಹೋದ ಲ್ಯಾರಿ ಟೆಸ್ಲರ್ ಇನ್ನೂ ಮುಂದೆ ಹೋಗಿ ಒಂದೇ ಗುಂಡಿ ಸಾಕು ಅಂತ ಪಟ್ಟುಹಿಡಿದರು. 1983ರ ಲೀಸಾ, 1984ರ ಮ್ಯಾಕಿಂತೋಷ್ ಎರಡಕ್ಕೂ ಒಂದೇ ಗುಂಡಿಯ ಮೌಸು. ಯಾವ ಗುಂಡಿ ಒತ್ತಬೇಕು ಅನ್ನೋ ಗೊಂದಲವೇ ಬೇಡ. ಏನೇನು ಮಾಡಬಹುದು ಅನ್ನೋದೆಲ್ಲ ಪರದೆಯ ಮೇಲಂಚಿನ ಪಟ್ಟಿಯಲ್ಲಿ ಕಣ್ಣೆದುರೇ ಇರಲಿ ಅನ್ನೋದು ಆಪಲ್ಲಿನ ವಾದ. ಫಿಟ್ಸ್ ಸೂತ್ರ ಅಲ್ಲೂ ಕೆಲಸ ಮಾಡುತ್ತದೆ, ನೋಡಿ. ಪರದೆಯ ಅಂಚಿಗೆ ಹೋದ ಬಾಣ ಅಲ್ಲಿಗೇ ತಡೆದು ನಿಲ್ಲುತ್ತದೆ, ಹಾಗಾಗಿ ಗುರಿ ತಪ್ಪುವ ಭಯವಿಲ್ಲ.

ಎರಡು ಗುಂಡಿಯ ಮೌಸನ್ನು ಮೈಕ್ರೋಸಾಫ್ಟ್ 1983ರಲ್ಲೇ ಮಾರತೊಡಗಿತ್ತಾದರೂ ಬಲಗುಂಡಿಗೆ ಬಹಳ ಕಾಲ ಸರಿಯಾದ ಉದ್ಯೋಗವಿರಲಿಲ್ಲ. 1992ರಲ್ಲಿ ಐಬಿಎಂನ ಓಎಸ್/2 ಎರಡನೇ ಆವೃತ್ತಿಯಲ್ಲಿ, ಅದೇ ವರ್ಷ ಬೋರ್ಲ್ಯಾಂಡ್ ಕಂಪನಿಯ ಕ್ವಾಟ್ರೋ ಪ್ರೋದಲ್ಲಿ ಅದಕ್ಕೆ ಕೆಲಸ ಸಿಕ್ಕಿತು. 1995ರ ಆಗಸ್ಟ್ 24ರಂದು ವಿಂಡೋಸ್ 95 ಬಂದ ಮೇಲಂತೂ ಬಲಗುಂಡಿ ಮನೆಮಾತಾಯಿತು. ಕಡತದ ಮೇಲೆ, ಖಾಲಿ ಪರದೆಯ ಮೇಲೆ, ಗಡಿಯಾರದ ಮೇಲೆ, ಎಲ್ಲಿ ಒತ್ತಿದರೂ ಏನೋ ಒಂದು ಪಟ್ಟಿ. ಆಪಲ್ಲಿನವರೂ 1997ರ ಮ್ಯಾಕ್ ಓಎಸ್ 8ರಲ್ಲಿ ಕಂಟ್ರೋಲ್ ಕೀಲಿ ಹಿಡಿದು ಕ್ಲಿಕ್ ಮಾಡಿದರೆ ಪಟ್ಟಿ ಬರುವಂತೆ ಮಾಡಿದರು. ಒಂದಕ್ಕಿಂತ ಹೆಚ್ಚು ಗುಂಡಿಯ ಕೆಲಸ ಮಾಡುವ ಮೌಸನ್ನು ಅವರು ತಾವೇ ಮಾರಿದ್ದು 2005ರಲ್ಲಿ. ಒಂದೇ ಸಾಕು ಅಂದವರು ಎರಡನೆಯದಕ್ಕೆ ಬರಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ಈ ಹೊತ್ತಿಗೆ ಎರಡೂ ಕಡೆಯವರು ಒಂದು ನಿಯಮಕ್ಕೆ ಬಂದಿದ್ದರು. ಬಲಗುಂಡಿ ಪಟ್ಟಿಯಲ್ಲಿರೋ ಕೆಲಸ ಬೇರೆ ಎಲ್ಲಾದರೂ ಕಣ್ಣಿಗೆ ಕಾಣುವ ಜಾಗದಲ್ಲೂ ಇರಲೇಬೇಕು. ಪಟ್ಟಿ ಒಳದಾರಿಯಾಗಿರಲಿ, ಅದೇ ಹೆದ್ದಾರಿಯಾಗೋದು ಬೇಡ. ಮೈಕ್ರೋಸಾಫ್ಟಿನ ವಿನ್ಯಾಸ ಕೈಪಿಡಿಯೂ ಇದನ್ನೇ ಹೇಳಿತು, ಆಪಲ್ಲಿನದ್ದೂ ಇದನ್ನೇ ಹೇಳಿತು. ಊರಿನ ಹಳೇ ಮನೆಗಳಲ್ಲಿ ಹಿತ್ತಲ ಬಾಗಿಲು ಇರ್ತಿತ್ತಲ್ಲ, ಹಾಗೆ. ಮನೆಯವರಿಗೆ, ಕೆಲಸದವರಿಗೆ, ಅಕ್ಕಪಕ್ಕದವರಿಗೆ ಅದು ಸಲೀಸು. ಮೊದಲ ಸಲ ಬರುವ ನೆಂಟರಿಗೆ ಮಾತ್ರ ತಲೆಬಾಗಿಲು ಕಾಣಲೇಬೇಕು.

ಇನ್ನು ಜಾಲದ ಕಥೆ. 1994ರಲ್ಲಿ ನೆಟ್‌ಸ್ಕೇಪ್ ಬ್ರೌಸರ್ ಬಂದಾಗ ಅದರಲ್ಲೂ ಬಲಗುಂಡಿ ಪಟ್ಟಿ ಇತ್ತು. ಹಿಂದಕ್ಕೆ ಹೋಗು, ಚಿತ್ರ ಉಳಿಸು, ಕೊಂಡಿಯನ್ನು ಹೊಸ ಕಿಟಕಿಯಲ್ಲಿ ತೆರೆ. ಮ್ಯಾಕಿನಲ್ಲಿ ಬಲಗುಂಡಿಯೇ ಇಲ್ಲವಲ್ಲ, ಅಲ್ಲಿ ಇದ್ದ ಒಂದೇ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಅದೇ ಪಟ್ಟಿ ಬರ್ತಿತ್ತು. ಈಗ ಮೊಬೈಲಿನಲ್ಲಿ ನಾವು ಮಾಡೋದೂ ಅದನ್ನೇ ಅಲ್ವಾ? ಆಗ ಪುಟಗಳು ಬರೀ ಓದುವ ಪುಟಗಳಾಗಿದ್ದವು. ಪುಟ ಬರೆದವರದ್ದು, ಪಟ್ಟಿ ಓದುಗರದ್ದು. ಜಗಳಕ್ಕೆ ಕಾರಣವೇ ಇರಲಿಲ್ಲ.

ಕನ್ನಡದ ಓದುಗರಿಗೂ ಆ ಪಟ್ಟಿ ಆಪದ್ಬಾಂಧವನಂತೆ ಒದಗಿದ್ದುಂಟು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಂದಿಗೆ ಕನ್ನಡ ಯೂನಿಕೋಡನ್ನು ತಂದಿತು, 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು, ಬ್ಲಾಗುಗಳು ಒಂದೊಂದಾಗಿ ಕಣ್ಣುಬಿಟ್ಟವು. ಆದರೆ ಪುಟ ಮಾಡಿದವರು ತಮ್ಮ ಅಕ್ಷರ ಯಾವ ಸಂಕೇತದಲ್ಲಿದೆ ಅಂತ ಪುಟದಲ್ಲಿ ಬರೆಯದೇ ಬಿಟ್ಟಿದ್ದರೆ ಬ್ರೌಸರ್ ತನಗೆ ತೋಚಿದಂತೆ ಓದುತ್ತಿತ್ತು. ಕನ್ನಡದ ಬದಲು ತಲೆಬುಡವಿಲ್ಲದ ಲ್ಯಾಟಿನ್ ಚಿಹ್ನೆಗಳ ಸಾಲು! ಆಗ ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ಬಲಗುಂಡಿ ಒತ್ತಿ, ಎನ್‌ಕೋಡಿಂಗ್ ಅಂತಿದ್ದಲ್ಲಿ ಯುಟಿಎಫ್-8 ಆರಿಸಿಕೊಂಡರೆ ಅದೇ ಪುಟ ಅಚ್ಚಗನ್ನಡವಾಗಿ ಕಾಣ್ತಿತ್ತು. ಅದೇ ಪಟ್ಟಿಯಲ್ಲಿ ವ್ಯೂ ಸೋರ್ಸ್ ಅಂತ ಇನ್ನೊಂದಿತ್ತು. ಪುಟದ ಹಿಂದಿನ ಎಚ್‌ಟಿಎಂಎಲ್ ಹೇಗಿದೆ ಅಂತ ಅದು ತೋರಿಸೋದು. ಪಾಠ ಹೇಳಿಕೊಡೋರಿಲ್ಲದ ಕಡೆ ಎಷ್ಟೋ ಜನ ಜಾಲತಾಣ ಕಟ್ಟೋದನ್ನು ಕಲಿತದ್ದು ಹೀಗೆ, ಬೇರೆಯವರ ಪುಟದ ಹೊಲಿಗೆ ಬಿಚ್ಚಿ ನೋಡಿ.

ಈ ಬಿಚ್ಚಿ ನೋಡುವುದೇ ಕೆಲವರಿಗೆ ಹಿಡಿಸಲಿಲ್ಲ. 1995ರಲ್ಲಿ ಬ್ರೆಂಡನ್ ಐಕ್ ಹತ್ತು ದಿನದಲ್ಲಿ ಜಾವಾಸ್ಕ್ರಿಪ್ಟಿನ ಮೊದಲ ರೂಪ ಬರೆದು ನೆಟ್‌ಸ್ಕೇಪಿಗೆ ಕೊಟ್ಟಿದ್ದರು. ಪುಟದ ಒಳಗಿನ ಪುಟ್ಟ ಪ್ರೋಗ್ರಾಮು ಬಳಕೆದಾರರ ಕ್ಲಿಕ್ಕನ್ನು ಗಮನಿಸೋದು ಆಗ ಸಾಧ್ಯವಾಯಿತು. 90ರ ದಶಕದ ಕೊನೆಗೆ ಒಂದು ತುಣುಕು ಕೋಡು ಒಂದು ತಾಣದಿಂದ ಇನ್ನೊಂದಕ್ಕೆ ಸಾಂಕ್ರಾಮಿಕದಂತೆ ಹರಡಿತು. ಬಲಗುಂಡಿ ಒತ್ತಿದರೆ ಸಾಕು, ಪರದೆಯ ನಡುವೆ ಗದರಿಕೆಯ ಪೆಟ್ಟಿಗೆಯೊಂದು ಬಂದು ಇಲ್ಲಿ ಬಲಗುಂಡಿಗೆ ಅವಕಾಶವಿಲ್ಲ ಅನ್ನುತ್ತಿತ್ತು. ಫೋಟೋ ಕದಿಯಬಾರದು, ಬರಹ ನಕಲು ಮಾಡಬಾರದು ಅನ್ನೋದು ಉದ್ದೇಶ. ಉದ್ದೇಶ ತಪ್ಪು ಅಂತ ಹೇಳೋಕಾಗಲ್ಲ. ಕಷ್ಟಪಟ್ಟು ಬರೆದ ಲೇಖನ ಮರುದಿನವೇ ಇನ್ನೊಬ್ಬರ ಹೆಸರಿನಲ್ಲಿ ಕಂಡರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ, ಕನ್ನಡದ ಬ್ಲಾಗಿಗರಿಗೆ ಇದು ಹೊಸದೇನಲ್ಲ. ಆದರೆ ಉಪಾಯ ಮಾತ್ರ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಪುಟ ನಿಮ್ಮ ಪರದೆಯ ಮೇಲೆ ಕಾಣ್ತಿದೆ ಅಂದರೆ ಅದರ ಅಕ್ಷರ, ಚಿತ್ರ ಎಲ್ಲ ಅದಾಗಲೇ ನಿಮ್ಮ ಗಣಕಕ್ಕೆ ಬಂದಿಳಿದಿದೆ. ಜಾವಾಸ್ಕ್ರಿಪ್ಟ್ ಆರಿಸಿದರೆ ಆಯ್ತು, ಮೇಲಿನ ಪಟ್ಟಿಯಿಂದ ಪುಟ ಉಳಿಸಿಕೊಂಡರೆ ಆಯ್ತು, ಏನಿಲ್ಲದಿದ್ದರೆ ಪರದೆಯ ಚಿತ್ರ ತೆಗೆದುಕೊಂಡರೆ ಆಯ್ತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಕದಿಯೋರಿಗೆ ಏನೂ ತೊಂದರೆಯಾಗಲಿಲ್ಲ. ತೊಂದರೆಯಾಗಿದ್ದು ಹಿಂದಕ್ಕೆ ಹೋಗಬೇಕು, ಕೊಂಡಿಯನ್ನು ಬೇರೆ ಕಿಟಕಿಯಲ್ಲಿ ತೆರೆಯಬೇಕು, ಎನ್‌ಕೋಡಿಂಗ್ ಬದಲಿಸಬೇಕು ಅಂತಿದ್ದ ಪಾಪದ ಓದುಗರಿಗೆ.

ಇದೇ ಹೊತ್ತಿಗೆ, 1999ರ ಮಾರ್ಚಿನಲ್ಲಿ, ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಬಂತು. ಬಲಗುಂಡಿ ಪಟ್ಟಿ ತೆರೆಯುವ ಕ್ಷಣಕ್ಕೆ ಸರಿಯಾಗಿ ಪುಟಕ್ಕೆ ಸುದ್ದಿ ಮುಟ್ಟಿಸುವ ವ್ಯವಸ್ಥೆಯನ್ನು ಅದು ತಂದಿತು. ಅದಕ್ಕೆ ಕಾಂಟೆಕ್ಸ್ಟ್‌ಮೆನು ಈವೆಂಟ್ ಅಂತಾರೆ. ಪುಟದ ಪ್ರೋಗ್ರಾಮು ಬೇಡ, ನಿನ್ನ ಪಟ್ಟಿ ತೆರೆಯಬೇಡ ಅಂದರೆ ಬ್ರೌಸರ್ ಸುಮ್ಮನಾಗುತ್ತಿತ್ತು, ಆ ಜಾಗದಲ್ಲಿ ಪುಟದವರು ತಮ್ಮದೇ ಪಟ್ಟಿ ತೋರಿಸಬಹುದಿತ್ತು. ಉಳಿದ ಬ್ರೌಸರುಗಳೂ ಕ್ರಮೇಣ ಇದನ್ನು ಅಳವಡಿಸಿಕೊಂಡವು. ಬೀಗ ಹಾಕುವುದಕ್ಕೂ ಹೊಸ ಬಾಗಿಲು ತೆರೆಯುವುದಕ್ಕೂ ಒಂದೇ ಕೀಲಿಕೈ ಸಿಕ್ಕಂತಾಯಿತು.

ಬಾಗಿಲು ತೆರೆಯಬೇಕಾದ ಅಗತ್ಯವೂ ನಿಜವಾಗಿಯೇ ಇತ್ತು. ಪುಟವನ್ನು ಪೂರ್ತಿ ಮತ್ತೆ ತರಿಸದೆ ಹಿನ್ನೆಲೆಯಲ್ಲೇ ಸರ್ವರಿನೊಂದಿಗೆ ಮಾತಾಡುವ ಸೌಲಭ್ಯವೂ ಅದೇ 5ನೇ ಆವೃತ್ತಿಯಲ್ಲಿ ಬಂತು. ಅದನ್ನು ಮಾಡಿಕೊಟ್ಟದ್ದು ಬ್ರೌಸರಿನ ಒಳಗೆ ಅಂಚೆ ತೋರಿಸುವ ಮೈಕ್ರೋಸಾಫ್ಟಿನ ಔಟ್‌ಲುಕ್ ವೆಬ್ ಆಕ್ಸೆಸ್ ತಂಡ. ಅದರ 2003ರ ಆವೃತ್ತಿಯಲ್ಲಿ ಪತ್ರದ ಮೇಲೆ ಬಲಗುಂಡಿ ಒತ್ತಿದರೆ ಅಂಚೆಗೆ ಸಂಬಂಧಪಟ್ಟ ಪಟ್ಟಿಯೇ ತೆರೆಯುತ್ತಿತ್ತು. ಯೋಚಿಸಿ ನೋಡಿ, ಪತ್ರಗಳ ಸಾಲಿನ ಮೇಲೆ ಕೂತು ಬಲಗುಂಡಿ ಒತ್ತಿದವರಿಗೆ ಪುಟದ ಹಿನ್ನೆಲೆ ಉಳಿಸು ಅನ್ನೋ ಬ್ರೌಸರಿನ ಸಲಹೆಯಿಂದ ಏನು ಉಪಯೋಗ? ಅವರಿಗೆ ಬೇಕಾದದ್ದು ಉತ್ತರಿಸು, ಅಳಿಸು, ಓದಿಲ್ಲವೆಂದು ಗುರುತಿಸು. ಲೆಕ್ಕದ ಹಾಳೆಯಲ್ಲಿ ಕೂತವರಿಗೆ ಬೇಕಾದದ್ದು ಮೇಲೊಂದು ಸಾಲು ಸೇರಿಸು. ನಕ್ಷೆ ನೋಡೋರಿಗೆ ಬೇಕಾದದ್ದು ಇಲ್ಲಿಂದ ದಾರಿ ತೋರಿಸು. ಸಂದರ್ಭ ಬದಲಾದ ಮೇಲೆ ಸಂದರ್ಭದ ಪಟ್ಟಿ ಬದಲಾಗದಿದ್ದರೆ ಹೇಗೆ?

ಆದರೆ ಬ್ರೌಸರಿನ ಪಟ್ಟಿಯನ್ನು ತೆಗೆದು ತಮ್ಮದನ್ನು ಇಟ್ಟವರಿಗೆ ಒಂದು ಸಂಗತಿ ಬೇಗ ಅರಿವಿಗೆ ಬಂತು. ಬ್ರೌಸರಿನ ಪಟ್ಟಿಗೆ ಇದ್ದ ಅಧಿಕಾರ ಪುಟದ ಪಟ್ಟಿಗೆ ಇರಲಿಲ್ಲ. ಇದಕ್ಕೆ ಒಳ್ಳೇ ಉದಾಹರಣೆ ಅಂಟಿಸು, ಅಂದರೆ ಪೇಸ್ಟ್. ನೀವು ನಕಲು ಮಾಡಿಕೊಂಡದ್ದು ಗಣಕದ ಕ್ಲಿಪ್‌ಬೋರ್ಡ್ ಅನ್ನೋ ಜಾಗದಲ್ಲಿರುತ್ತದೆ. ಅಲ್ಲಿ ನಿಮ್ಮ ಪಾಸ್‌ವರ್ಡ್ ಇರಬಹುದು, ಬ್ಯಾಂಕಿನ ಖಾತೆ ಸಂಖ್ಯೆ ಇರಬಹುದು. ಯಾವುದೋ ಪುಟ ಅದನ್ನು ತಾನಾಗಿ ಓದುವಂತಿರಬಾರದು. ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರಲ್ಲಿ ಹಾಗೆ ಓದಲು ಬಿಟ್ಟಿದ್ದರು. ಅದು ದೊಡ್ಡ ತೂತು ಅಂತ ಗೊತ್ತಾಗಿ, 2006ರ 7ನೇ ಆವೃತ್ತಿಯಲ್ಲಿ ಬಳಕೆದಾರರ ಒಪ್ಪಿಗೆ ಕೇಳುವಂತೆ ಮಾಡಿದರು. ಇದರ ಫಲವಾಗಿ ಒಂದು ವಿಚಿತ್ರ ನೋಡಬೇಕಾಯಿತು. ಗೂಗಲ್ ಡಾಕ್ಸ್‌ನಲ್ಲಿ ಬಲಗುಂಡಿ ಒತ್ತಿ ಪೇಸ್ಟ್ ಆರಿಸಿದರೆ ಅಂಟಿಸುವ ಬದಲು, ಇಲ್ಲಿಂದ ಆಗೋದಿಲ್ಲ, ಕಂಟ್ರೋಲ್ ಮತ್ತು ವಿ ಒತ್ತಿ ಅನ್ನೋ ಸೂಚನೆ ಬರ್ತಿತ್ತು. ಪಟ್ಟಿಯಲ್ಲಿ ಹೆಸರಿದೆ, ಕೆಲಸ ಇಲ್ಲ! ಅನುಮತಿ ಕೇಳಿ ಕ್ಲಿಪ್‌ಬೋರ್ಡ್ ಓದುವ ಸರಿಯಾದ ವಿಧಾನ ಕ್ರೋಮಿಗೆ ಬಂದದ್ದು 2018ರ 66ನೇ ಆವೃತ್ತಿಯಲ್ಲಿ.

ಇನ್ನೊಂದು ನಷ್ಟ ನಮಗೆ ಹೆಚ್ಚು ಹತ್ತಿರದ್ದು. ಫೈರ್‌ಫಾಕ್ಸ್, ಕ್ರೋಮ್ ಎರಡನ್ನೂ ಕನ್ನಡದಲ್ಲೇ ಬಳಸಬಹುದು. ಹಾಗೆ ಹೊಂದಿಸಿಕೊಂಡವರಿಗೆ ಬಲಗುಂಡಿ ಪಟ್ಟಿಯೂ ಕನ್ನಡದಲ್ಲೇ ಬರುತ್ತದೆ. ಅದರ ಒಂದೊಂದು ಪದವನ್ನೂ ಯಾರೋ ಕೂತು ಕನ್ನಡಕ್ಕೆ ತಂದಿದ್ದಾರೆ, ಫೈರ್‌ಫಾಕ್ಸಿನಲ್ಲಿ ಸ್ವಯಂಸೇವಕರೇ ತಂದಿದ್ದಾರೆ. ಒಂದು ಜಾಲತಾಣ ಆ ಪಟ್ಟಿಯನ್ನು ತೆಗೆದು ತನ್ನದನ್ನು ಇಟ್ಟ ಕ್ಷಣ ಆ ಕನ್ನಡವೂ ಹೋಗಿ ಅದರ ಜಾಗದಲ್ಲಿ ಇಂಗ್ಲಿಷ್ ಪಟ್ಟಿ ಬಂದು ಕೂರುತ್ತದೆ. ಕಾಗುಣಿತ ಪರೀಕ್ಷೆ, ಅನುವಾದ, ಆರಿಸಿದ ಪದವನ್ನು ಹುಡುಕು ಅನ್ನೋವೆಲ್ಲ ಮಾಯ. ತಾಣ ಮಾಡಿದವರಿಗೆ ಕನ್ನಡದ ಮೇಲೆ ದ್ವೇಷ ಇರಲಿಕ್ಕಿಲ್ಲ, ತಾವು ಏನನ್ನು ಪಕ್ಕಕ್ಕೆ ಸರಿಸುತ್ತಿದ್ದೇವೆ ಅನ್ನೋದೇ ಅವರ ಗಮನಕ್ಕೆ ಬಂದಿರೋದಿಲ್ಲ.

ಹಾಗಾದರೆ ಬ್ರೌಸರಿನ ಪಟ್ಟಿಯೂ ಉಳಿದು, ತಾಣದ ಕೆಲಸಗಳೂ ಅದರೊಳಗೆ ಸೇರುವಂತೆ ಮಾಡೋಕಾಗ್ತಿರಲಿಲ್ವಾ? ಆಗುತ್ತಿತ್ತು, ಆ ಪ್ರಯತ್ನವೂ ನಡೆಯಿತು. ಎಚ್‌ಟಿಎಂಎಲ್ 5ರ ಕರಡಿನಲ್ಲಿ ಒಂದು ಸೊಗಸಾದ ಪ್ರಸ್ತಾಪವಿತ್ತು. ತಾಣದವರು ತಮ್ಮ ಪಟ್ಟಿಯ ಅಂಶಗಳನ್ನು ಪುಟದಲ್ಲಿ ಬರೆದಿಟ್ಟರೆ ಬ್ರೌಸರ್ ಅವುಗಳನ್ನು ತನ್ನದೇ ಪಟ್ಟಿಯೊಳಗೆ ಸೇರಿಸಿಕೊಂಡು ತೋರಿಸುತ್ತದೆ. ಮನೆಯೊಡೆಯರನ್ನು ಹೊರಗೆ ಹಾಕುವ ಮಾತಿಲ್ಲ, ಅತಿಥಿಗೂ ಒಂದು ಮಣೆ. ಜಾವಾಸ್ಕ್ರಿಪ್ಟಿನ ಕಸರತ್ತು ಕಡಿಮೆ, ಕೀಲಿಮಣೆಯಲ್ಲಿ ಓಡಾಡುವ ವ್ಯವಸ್ಥೆ ಬ್ರೌಸರಿನದ್ದೇ. 2011ರ ನವೆಂಬರಿನಲ್ಲಿ ಬಂದ ಫೈರ್‌ಫಾಕ್ಸ್ 8 ಇದನ್ನು ಅಳವಡಿಸಿಕೊಂಡಿತು. ಆದರೆ ಬೇರೆ ದೊಡ್ಡ ಬ್ರೌಸರುಗಳು ಜೊತೆಗೆ ಬರಲಿಲ್ಲ. ಒಂದೇ ಬ್ರೌಸರಿನಲ್ಲಿ ನಡೆಯೋದನ್ನು ನಂಬಿ ತಾಣ ಕಟ್ಟೋರು ಯಾರು? ಯಾರೂ ಬಳಸಲಿಲ್ಲ, ಯಾರೂ ಬಳಸುತ್ತಿಲ್ಲ ಅಂತ ಮಾನದಂಡದಿಂದಲೇ ಅದನ್ನು ತೆಗೆದರು, 2021ರಲ್ಲಿ ಫೈರ್‌ಫಾಕ್ಸೂ ಕೈಬಿಟ್ಟಿತು. ಈ ಇಡೀ ಇತಿಹಾಸದಲ್ಲಿ ಎಲ್ಲಕ್ಕಿಂತ ನ್ಯಾಯವಾದ ಉಪಾಯ ಇದೇ ಅಂತ ನನಗನಿಸುತ್ತದೆ. ಅದು ಸೋತದ್ದು ತಾನು ಕೆಟ್ಟದ್ದು ಅಂತಲ್ಲ, ಒಂಟಿಯಾಗಿದ್ದಕ್ಕೆ.

ಹಾಗಾಗಿ ಇವತ್ತು ಜಾಲತಾಣಕ್ಕೆ ಬಲಗುಂಡಿ ಪಟ್ಟಿ ಬೇಕೆಂದವರು ಅದನ್ನು ಮೊದಲಿಂದ ಕೊನೇವರೆಗೆ ತಾವೇ ಕಟ್ಟಬೇಕು. ಬ್ರೌಸರಿನ ಪಟ್ಟಿಯನ್ನು ತಡೆಯೋದು ಒಂದೇ ಸಾಲಿನ ಕೆಲಸ. ಆ ಪಟ್ಟಿ ಸದ್ದಿಲ್ಲದೆ ಮಾಡುತ್ತಿದ್ದ ಉಳಿದ ಕೆಲಸಗಳನ್ನೆಲ್ಲ ಮತ್ತೆ ಮಾಡೋದು ನೂರಾರು ಸಾಲು. ಪರದೆಯ ಬಲತುದಿಯಲ್ಲಿ ಒತ್ತಿದರೆ ಪಟ್ಟಿ ಎಡಕ್ಕೆ ತೆರೆಯಬೇಕು, ಕೆಳತುದಿಯಲ್ಲಿ ಒತ್ತಿದರೆ ಮೇಲಕ್ಕೆ. ಬೇರೆಲ್ಲಾದರೂ ಕ್ಲಿಕ್ ಮಾಡಿದರೆ ಮುಚ್ಚಬೇಕು, ಎಸ್ಕೇಪ್ ಒತ್ತಿದರೂ ಮುಚ್ಚಬೇಕು. ಮೌಸ್ ಮುಟ್ಟದವರಿಗೂ ಸಿಗಬೇಕು. ಕೀಲಿಮಣೆಗಳಲ್ಲಿ ಬಲಗಡೆ ಪುಟ್ಟ ಪಟ್ಟಿಯ ಚಿತ್ರವಿರುವ ಕೀಲಿಯೊಂದು ಇರ್ತದಲ್ಲ, ಎಷ್ಟೋ ಜನ ಜೀವಮಾನದಲ್ಲಿ ಒಮ್ಮೆಯೂ ಒತ್ತಿರದ ಕೀಲಿ, ಅದು ಇರೋದೇ ಇದಕ್ಕೆ. ಅದಿಲ್ಲದಿದ್ದರೆ ಶಿಫ್ಟ್ ಮತ್ತು ಎಫ್10. ಕಣ್ಣು ಕಾಣದವರು ಎನ್‌ವಿಡಿಎಯಂಥ ಪರದೆ ಓದುವ ತಂತ್ರಾಂಶ ಬಳಸುತ್ತಾರೆ. ಅದರ ಜೊತೆಗಿರುವ ಇ-ಸ್ಪೀಕ್ ಕನ್ನಡವನ್ನೂ ಓದುತ್ತದೆ. ಅವರ ಪಾಲಿಗೆ ಆ ಕೀಲಿಯೇ ಬಲಗುಂಡಿ. ಅವಸರದಲ್ಲಿ ಕಟ್ಟಿದ ತಾಣಗಳಲ್ಲಿ ಅವರು ಆ ಕೀಲಿ ಒತ್ತಿದರೆ ಏನಾಗುತ್ತೆ ಗೊತ್ತಾ? ಮೌಸ್ ಎಲ್ಲಿದೆ ಅನ್ನೋದರ ಮೇಲೆ ಜಾಗ ಲೆಕ್ಕಹಾಕುವ ಪ್ರೋಗ್ರಾಮು ಮೌಸೇ ಇಲ್ಲದೆ ಗಲಿಬಿಲಿಗೊಂಡು, ಪಟ್ಟಿಯನ್ನು ಪರದೆಯ ಎಡಮೂಲೆಗೆ ಎಸೆಯುತ್ತದೆ. ಇಲ್ಲವೇ ಪಟ್ಟಿ ತೆರೆದಿದೆ ಅಂತ ಓದುವ ತಂತ್ರಾಂಶಕ್ಕೆ ತಿಳಿಯೋದೇ ಇಲ್ಲ. ಇದು ಪಟ್ಟಿ, ಇದು ಪಟ್ಟಿಯೊಳಗಿನ ಅಂಶ ಅಂತ ಹೇಳುವ ಏರಿಯಾ ಎಂಬ ಗುರುತುಗಳಿಗೆ ಡಬ್ಲ್ಯು3ಸಿ ಸಂಸ್ಥೆ 2014ರಲ್ಲೇ ಮಾನದಂಡದ ಮುದ್ರೆ ಒತ್ತಿದೆ. ಬರೆಯೋರು ಬರೆಯಬೇಕಷ್ಟೆ.

ಮೊಬೈಲಿನದ್ದು ಇನ್ನೊಂದು ತಲೆನೋವು. ಅಲ್ಲಿ ಬಲಗುಂಡಿಯೇ ಇಲ್ಲ. ಆಂಡ್ರಾಯ್ಡಿನ ಕ್ರೋಮ್ ಬೆರಳನ್ನು ಒತ್ತಿ ಹಿಡಿದಾಗ ಅದೇ ಸುದ್ದಿಯನ್ನು ಪುಟಕ್ಕೆ ಮುಟ್ಟಿಸುತ್ತದೆ. ಎಲ್ಲ ಫೋನುಗಳೂ ಹಾಗೆ ಮಾಡೋದಿಲ್ಲ. ಬಲಗುಂಡಿಯ ಹಿಂದೆ ಮಾತ್ರ ಒಂದು ಕೆಲಸವನ್ನು ಬಚ್ಚಿಟ್ಟರೆ ಫೋನಿನಲ್ಲೇ ಜಾಲ ನೋಡುವವರಿಗೆ ಆ ಕೆಲಸವೇ ಇಲ್ಲ. ನಮ್ಮ ನಾಡಿನಲ್ಲಿ ಜಾಲವನ್ನು ಮೊದಲ ಸಲ ಫೋನಿನಲ್ಲೇ ಕಂಡವರು ಎಷ್ಟೋ ಜನ. 1990ರ ದಶಕದ ಹಳೇ ನಿಯಮ, ಪಟ್ಟಿಯಲ್ಲಿರೋದು ಬೇರೆ ಕಡೆಯೂ ಇರಬೇಕು ಅನ್ನೋದು, ಈಗ ಅವತ್ತಿಗಿಂತ ಹೆಚ್ಚು ಬೇಕಾಗಿದೆ.

ಈ ನಿಯಮ ಪಾಲಿಸಿದರೆ ಹೇಗಿರುತ್ತೆ ಅನ್ನೋದಕ್ಕೆ ಜಿಮೇಲ್ ನೋಡಿ. 2004ರ ಏಪ್ರಿಲ್ 1ರಂದು ಶುರುವಾದ ಜಿಮೇಲಿನಲ್ಲಿ ಬಹಳ ವರ್ಷ ಬಲಗುಂಡಿ ಪಟ್ಟಿಯಲ್ಲಿ ಇದ್ದದ್ದು ಬೆರಳೆಣಿಕೆಯ ಅಂಶಗಳು. ಉತ್ತರಿಸು, ಮುಂದಕ್ಕೆ ಕಳಿಸು, ಇದೇ ವ್ಯಕ್ತಿಯ ಪತ್ರಗಳನ್ನು ಹುಡುಕು ಮುಂತಾದವನ್ನೆಲ್ಲ ಸೇರಿಸಿ ಪಟ್ಟಿಯನ್ನು ಉದ್ದ ಮಾಡಿದ್ದು 2019ರ ಫೆಬ್ರವರಿಯಲ್ಲಿ, ಅಂದರೆ ಹದಿನೈದು ವರ್ಷ ತುಂಬುವ ಹೊತ್ತಿಗೆ. ಅಲ್ಲಿಯವರೆಗೆ ಜನ ಉತ್ತರ ಬರೆಯದೇ ಕೂತಿದ್ರಾ? ಇಲ್ಲ. ಉತ್ತರಿಸುವ ಗುಂಡಿ ಪತ್ರದಲ್ಲೇ ಕಣ್ಣಿಗೆ ಕಾಣುವಂತೆ ಇತ್ತು, ಈಗಲೂ ಇದೆ. ಬಲಗುಂಡಿ ಗೊತ್ತಿದ್ದವರಿಗೆ ಎರಡು ಹೆಜ್ಜೆ ಉಳಿಯಿತು, ಗೊತ್ತಿಲ್ಲದವರು ಏನನ್ನೂ ಕಳೆದುಕೊಳ್ಳಲಿಲ್ಲ.

ಪಟ್ಟಿ ಉದ್ದವಾಗುತ್ತಾ ಹೋದರೆ ಏನಾಗುತ್ತೆ ಅನ್ನೋದಕ್ಕೆ ವಿಂಡೋಸೇ ಉದಾಹರಣೆ. ಹೊಸ ತಂತ್ರಾಂಶ ಹಾಕಿದಾಗಲೆಲ್ಲ ಅದೂ ಒಂದು ಸಾಲು ಸೇರಿಸಿಕೊಳ್ಳುತ್ತಾ ಹೋಗಿ ಕಡತದ ಮೇಲಿನ ಬಲಗುಂಡಿ ಪಟ್ಟಿ ಮದುವೆ ಮನೆಯ ಸಾಮಾನು ಚೀಟಿಯಷ್ಟು ಉದ್ದವಾಯಿತು. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11 ಅದನ್ನು ಕತ್ತರಿಸಿ, ಹಳೆಯದೆಲ್ಲವನ್ನೂ ಇನ್ನಷ್ಟು ಆಯ್ಕೆಗಳು ಅನ್ನೋ ಸಾಲಿನ ಹಿಂದೆ ತಳ್ಳಿತು. ಒಂದು ಹೆಜ್ಜೆ ಉಳಿಸಲು ಹುಟ್ಟಿದ ಪಟ್ಟಿಗೆ ಈಗ ಎರಡು ಹೆಜ್ಜೆ ಇಡಬೇಕು ಅಂತ ಹಳಬರು ಗೊಣಗಿದರು. ಗೊಣಗಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಇನ್ನು ಬೀಗ ಹಾಕುವ ಹಳೇ ಚಾಳಿ. ಅದು ಹೋಗಿದೆ ಅಂದುಕೊಂಡರೆ ತಪ್ಪು. ಹಾಡಿನ ಸಾಹಿತ್ಯದ ತಾಣಗಳು, ಸುದ್ದಿ ತಾಣಗಳು, ಅರ್ಜಿ ತುಂಬುವ ತಾಣಗಳಲ್ಲಿ ಇವತ್ತಿಗೂ ಬಲಗುಂಡಿ ಒತ್ತಿದರೆ ಏನೂ ಆಗದಿರೋದನ್ನು ಕಾಣಬಹುದು. ಅರ್ಜಿಯ ಪುಟದಲ್ಲಿ ಅಂಟಿಸೋದಕ್ಕೂ ಬಿಡದೆ, ಉದ್ದದ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಹೊಡೆಯಲು ಹೇಳಿದರೆ ತಪ್ಪು ಹೆಚ್ಚುತ್ತದೆಯೇ ಹೊರತು ಸುರಕ್ಷತೆ ಹೆಚ್ಚೋದಿಲ್ಲ. ಬೀಗ ಹಾಕಿದವರು ಕಳ್ಳರನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕಿರ್ತಾರೆ. ಸಿಕ್ಕಿಹಾಕಿಕೊಳ್ಳೋದು ಮಾತ್ರ ಕಷ್ಟದ ಪದವೊಂದರ ಅರ್ಥ ಹುಡುಕಲು ಹೊರಟ ವಿದ್ಯಾರ್ಥಿ, ಇಂಗ್ಲಿಷ್ ಪುಟವನ್ನು ಕನ್ನಡಕ್ಕೆ ಮಾಡಿಕೊಂಡು ಓದಬೇಕೆಂದವರು, ಕೀಲಿಮಣೆಯೊಂದನ್ನೇ ನಂಬಿದವರು.

ಫೈರ್‌ಫಾಕ್ಸ್ ಮಾಡಿದವರು ಈ ವ್ಯಾಜ್ಯದಲ್ಲಿ ಬಹಳ ಹಿಂದೆಯೇ ತಮ್ಮ ತೀರ್ಪು ಹೇಳಿದ್ದಾರೆ. ಜಾಲತಾಣ ತನ್ನ ಪಟ್ಟಿ ತೋರಿಸಲಿ, ಆದರೆ ಕೊನೆಯ ಮಾತು ಓದುಗರದ್ದೇ ಇರಲಿ ಅಂತ. ಶಿಫ್ಟ್ ಕೀಲಿ ಹಿಡಿದು ಬಲಗುಂಡಿ ಒತ್ತಿದರೆ ತಾಣದವರು ಏನೇ ಹೇಳಿದ್ದರೂ ಫೈರ್‌ಫಾಕ್ಸ್ ತನ್ನ ಪಟ್ಟಿಯನ್ನೇ ತೆರೆಯುತ್ತದೆ. ಬೀಗ ಹಾಕಿದ ತಾಣದಲ್ಲಿ ಒಮ್ಮೆ ಮಾಡಿ ನೋಡಿ. ನೀವೇ ತಾಣ ಕಟ್ಟುವವರಾದರೆ ಇಷ್ಟು ಮಾಡಿ: ಪತ್ರ, ಕಡತ, ಲೆಕ್ಕದ ಮನೆ ಮುಂತಾದ ನಿಮ್ಮದೇ ಕೆಲಸದ ಜಾಗದಲ್ಲಿ ಮಾತ್ರ ನಿಮ್ಮ ಪಟ್ಟಿ ತನ್ನಿ. ಬರಹ, ಕೊಂಡಿ, ಚಿತ್ರ, ಬರೆಯುವ ಪೆಟ್ಟಿಗೆ ಇವುಗಳ ಮೇಲಿನ ಪಟ್ಟಿಯನ್ನು ಓದುಗರಿಗೇ ಬಿಟ್ಟುಬಿಡಿ. ನಿಮ್ಮ ಪಟ್ಟಿಯಲ್ಲಿರುವ ಪ್ರತಿ ಕೆಲಸವೂ ಪುಟದಲ್ಲಿ ಬೇರೆಡೆ ಕಣ್ಣಿಗೆ ಕಾಣಲಿ. ಆಮೇಲೆ ಮೌಸನ್ನು ಪಕ್ಕಕ್ಕಿಟ್ಟು, ಆ ಪುಟ್ಟ ಪಟ್ಟಿಯ ಚಿತ್ರವಿರುವ ಕೀಲಿಯನ್ನು ಒಮ್ಮೆ ಒತ್ತಿ ನೋಡಿ.